ಮರಳುಗಲ್ಲಿನ ಸಾಂದ್ರತೆ ಹೊತ್ತು ಹೋದಂಗ ಏರಾಕತ್ತೈತಿ, ಯಾಕ?

ಪ್ರಶ್ನೆ: ಹೈಸ್ಕೂಲ್ ವಿಜ್ಞಾನ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ

ಎಲ್ಲಾರಿಗೂ ನಮಸ್ಕಾರ್ರೀ. ವಿಜ್ಞಾನ ವಸ್ತುಪ್ರದರ್ಶನಕ್ಕ ನಮ್ಮ ಒಂಬತ್ತನೇ ತರಗತಿ ಹುಡುಗರು ಜಿಲ್ಲೆಯ ಕಲ್ಲುಗಳ ಸಾಂದ್ರತೆ ಅಳೆಯಾಕತ್ತಾರ. ಇಳಕಲ್ಲಿನ ಕೆಂಪು ಗ್ರಾನೈಟ್, ಬಾದಾಮಿ ಕಡೆಯ ಮರಳುಗಲ್ಲು, ಲೋಕಾಪುರ ಕಡೆಯ ಸುಣ್ಣಕಲ್ಲು. ಎಲ್ಲಾ ಮನಿ ಕಟ್ಟುವಾಗ ಉಳಿದ ತುಂಡು. ಗುಡಿ, ಗವಿ ಹತ್ತಿರದ ಕಲ್ಲು ಮುಟ್ಟಬ್ಯಾಡ್ರಿ ಅಂತ ಮೊದಲೇ ಹೇಳೇನಿ.

ನೀರು ಹಾಕಿದ ಬೀಕರನ್ನ ಡಿಜಿಟಲ್ ತಕ್ಕಡಿ ಮ್ಯಾಲೆ ಇಟ್ಟು, ಟೇರ್ ಒತ್ತಿ ಸೊನ್ನೆ ಮಾಡತೀವಿ. ಕಲ್ಲಿಗೆ ದಾರ ಕಟ್ಟಿ, ಸ್ಟ್ಯಾಂಡಿನಿಂದ ನೀರಾಗ ಪೂರಾ ಮುಳುಗುವಂಗ ಬಿಡತೀವಿ. ತಕ್ಕಡಿ ಎಷ್ಟು ಗ್ರಾಂ ತೋರಸ್ತೈತೋ ಕಲ್ಲಿನ ಗಾತ್ರ ಅಷ್ಟು ಘನ ಸೆಂ.ಮೀ.

ಗ್ರಾನೈಟ್ 265 ಗ್ರಾಂ, ತಕ್ಕಡಿ 100 ತೋರಿಸ್ತು. ಸಾಂದ್ರತೆ 2.65, ಚಂದ ಬಂತು. ಮರಳುಗಲ್ಲು 300 ಗ್ರಾಂ. ಮುಳುಗಿಸಿದ ಕೂಡಲೇ 125 ಇತ್ತು, ಅಂದ್ರ 2.40. ಪಿರಿಯಡ್ ಮುಗಿಯೂದರಾಗ 119, ಅಂದ್ರ 2.52. ಸಂಜಿಗೆ 116, ಅಂದ್ರ 2.59! "ಅಕ್ಕೋರ, ಕಲ್ಲು ಸಣ್ಣದಾಗಾಕತ್ತೈತೇನ್ರೀ?" ಅಂತ ಹುಡುಗಿ ಒಬ್ಬಾಕಿ ಕೇಳಿದ್ಳು. ಚಾರ್ಟಿನ್ಯಾಗ ಯಾವ ಸಂಖ್ಯೆ ಬರೀಲಿ?

ಉತ್ತರ: ವಿಜಯಪುರದಿಂದ

ಮೇಡಂ, ಬ್ಯಾಸಗಿ ಐತಿ, ನೀರು ಆವಿ ಆಗಿ ತೂಕ ಇಳಿದಿರಬೇಕು. ಇನ್ನೊಂದು, ಬೋರಿನ ನೀರು ಏನ್ರೀ? ಉಪ್ಪಿನಂಶ ಇದ್ರ ಲೆಕ್ಕ ತಪ್ಪತೈತಿ.

ಶಿಕ್ಷಕಿ

ಬೋರಿನ ನೀರೇ ಸರ್. ಆದ್ರ ಬೀಕರ್ ಬಾಯಿಗೆ ಸೀಳಿದ ರಟ್ಟು ಮುಚ್ಚಿದ್ವಿ. ಗ್ರಾನೈಟನ್ನೂ ಅಷ್ಟೇ ಹೊತ್ತು ಬಿಟ್ಟು ನೋಡಿದ್ವಿ, 1 ಗ್ರಾಂ ಇಳೀತು, ಅಷ್ಟೇ.

ಉತ್ತರ: ಬೆಳಗಾವಿಯಿಂದ

ಗ್ರಾನೈಟನ್ನೂ ಹಾಗೇ ಬಿಟ್ಟು ನೋಡಿದ್ದು ಬಹಳ ಒಳ್ಳೆಯದಾಯಿತು ಮೇಡಂ, ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆವಿಯಾಗಿ ಹೋಗಿದ್ದು 1 ಗ್ರಾಂ ಮಾತ್ರ. ಬೋರಿನ ನೀರನ್ನೂ ಬಿಟ್ಟುಬಿಡಿ: ಲೀಟರಿಗೆ 2 ಗ್ರಾಂ ಲವಣ ಕರಗಿದ್ದರೂ ನೀರಿನ ಸಾಂದ್ರತೆ ಶೇ. 0.2ರಷ್ಟೂ ಹೆಚ್ಚುವುದಿಲ್ಲ. ನೀರು 30 ಡಿಗ್ರಿ ಬಿಸಿ ಇದ್ದರೆ ಅದರ ಸಾಂದ್ರತೆ 0.996, ಅದೂ ಸಣ್ಣ ವ್ಯತ್ಯಾಸವೇ. ಕಲ್ಲು ತಳಕ್ಕೆ ತಾಗಿದ್ದರೆ ಅಂಕಿ ಏರಬೇಕಿತ್ತು, ನಿಮ್ಮದು ಇಳಿದಿದೆ.

ಉಳಿದದ್ದು ಕಲ್ಲೇ. ಮರಳುಗಲ್ಲು ಅಂದರೆ ಉಸುಕಿನ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾದದ್ದು, ನಡುವೆ ಸಂದುಗಳಿರುತ್ತವೆ. ಮುಳುಗಿಸಿದ ಹೊಸದರಲ್ಲಿ ಮೇಲ್ಮೈಯಿಂದ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದಿರಬೇಕು, ನೆನಪಿಸಿಕೊಳ್ಳಿ. ಸಂದಿನ ಗಾಳಿ ಹೊರಬಂದು ನೀರು ಒಳಗೆ ಸೇರುತ್ತಿದೆ. ಒಳಗೆ ಸೇರಿದ ನೀರಿನ ಭಾರವನ್ನು ಈಗ ದಾರ ಹೊರುತ್ತದೆ, ಅಷ್ಟೇ ಭಾರ ತಕ್ಕಡಿಗೆ ಕಡಿಮೆಯಾಗುತ್ತದೆ. ಅಂದರೆ ಕಲ್ಲು ಕುಡಿದ ನೀರನ್ನು ತಕ್ಕಡಿ ಗ್ರಾಂ ಲೆಕ್ಕದಲ್ಲಿ ತೋರಿಸುತ್ತಿದೆ. ಆ ಹುಡುಗಿಯ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿದೆ: ಕಲ್ಲು ಸಣ್ಣದಾಗಿಲ್ಲ, ನಮ್ಮ ಲೆಕ್ಕದಲ್ಲಿ ಸಂದುಗಳ ಜಾಗ ಮಾಯವಾಗುತ್ತಿದೆ.

ಹೀಗೆ ಮಾಡಿ. ಕಲ್ಲನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ತೂಕ ಇಳಿಯುವುದು ನಿಂತ ಮೇಲೆ ಬರೆದುಕೊಳ್ಳಿ. ರಾತ್ರಿಯೆಲ್ಲ ನೀರಲ್ಲಿ ನೆನೆಸಿ. ಬೆಳಿಗ್ಗೆ ಹಿಂಡಿದ ಹಸಿ ಬಟ್ಟೆಯಿಂದ ಮೇಲ್ಮೈ ಒರೆಸಿ, ಒಣ ಬಟ್ಟೆ ಬೇಡ, ಅದು ಸಂದಿನ ನೀರನ್ನೂ ಎಳೆಯುತ್ತದೆ. ಮತ್ತೆ ತೂಗಿ. ಆಮೇಲೆ ಅದೇ ನೆನೆದ ಕಲ್ಲನ್ನು ಬೀಕರಿನಲ್ಲಿ ತೂಗುಬಿಡಿ. ಕುಡಿಯುವಷ್ಟು ಕುಡಿದಿರುವುದರಿಂದ ಅಂಕಿ ನಿಲ್ಲುತ್ತದೆ, ಅದೇ ಕಲ್ಲಿನ ಪೂರ್ತಿ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ.

ಕಲ್ಲಿಗೆ ತೆಳ್ಳಗೆ ಮೇಣ ಬಳಿದೂ ಅಳೆಯಬಹುದು, ಆದರೆ ಮೇಣದ ಗಾತ್ರ ಕಳೆಯಬೇಕಾಗುತ್ತದೆ. ಹುಡುಗರಿಗೆ ನೆನೆಸುವುದೇ ಸುಲಭ.

ವಿಜಯಪುರದಿಂದ

ಸರ್, ಒಂದು ಸಂಶಯ. ಕಲ್ಲನ್ನ ದಾರ ಹಿಡಿದೈತಿ, ತಕ್ಕಡಿ ಮ್ಯಾಲೆ ಕುಂತಿಲ್ಲ. ಹಂಗಾರ ತಕ್ಕಡಿ ಏರೂದು ಯಾಕ?

ಬೆಳಗಾವಿಯಿಂದ

ಇದನ್ನು ಪ್ರದರ್ಶನದಲ್ಲಿ ತೋರಿಸಲೇಬೇಕು. ನೀರು ಕಲ್ಲನ್ನು ಮೇಲಕ್ಕೆ ಎಷ್ಟು ಬಲದಿಂದ ನೂಕುತ್ತದೋ, ಕಲ್ಲು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ನೂಕುತ್ತದೆ. ನ್ಯೂಟನ್ನನ ಮೂರನೇ ನಿಯಮ. ಆ ಕೆಳಗಿನ ನೂಕು ಬೀಕರ್ ಮೂಲಕ ತಕ್ಕಡಿಗೆ ಮುಟ್ಟುತ್ತದೆ. ಅದರ ಅಳತೆ ಎಷ್ಟು ಅನ್ನುವುದನ್ನು ಆರ್ಕಿಮಿಡೀಸ್ ತತ್ವ ಹೇಳುತ್ತದೆ: ಕಲ್ಲು ಸರಿಸಿದ ನೀರಿನ ತೂಕದಷ್ಟು. 1 ಘನ ಸೆಂ.ಮೀ. ನೀರು ಹೆಚ್ಚುಕಡಿಮೆ 1 ಗ್ರಾಂ ಇರುವುದರಿಂದ ಗ್ರಾಂ ಓದಿದರೆ ಗಾತ್ರ ಸಿಗುತ್ತದೆ.

ಕಣ್ಣಾರೆ ನೋಡಬೇಕೆಂದರೆ ದಾರವನ್ನು ಸ್ಟ್ಯಾಂಡಿಗೆ ಕಟ್ಟದೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಹಾಕಿ. ಮೇಡಂ ಅವರ ಗ್ರಾನೈಟ್ ಹೊರಗೆ 265 ತೋರಿಸಿದ್ದು ನೀರಲ್ಲಿ 165ಕ್ಕೆ ಇಳಿಯುತ್ತದೆ. ಕೆಳಗಿನ ತಕ್ಕಡಿ ಸೊನ್ನೆಯಿಂದ 100ಕ್ಕೆ ಏರುತ್ತದೆ. ಮೇಲೆ ಕಳೆದದ್ದು ಕೆಳಗೆ ಬಂದಿರುತ್ತದೆ.

ಶಿಕ್ಷಕಿ

ಸರ್, ನೆನೆಸಿ ನೋಡಿದ್ವಿ. ಒಣಾ ತೂಕ 300, ನೆನೆದ ಮ್ಯಾಲೆ 313. ನೀರಾಗ ಬಿಟ್ರ 126, ತಾಸು ಕಳೆದ್ರೂ ಅಲ್ಲೇ ನಿಂತೈತಿ! ಸಾಂದ್ರತೆ 2.38. ಹುಡುಗರು ಕುಣದಾಡಿದ್ರು.

ಬೆಳಗಾವಿಯಿಂದ

ಕುಣಿಯುವಂಥದ್ದು ಇನ್ನೊಂದಿದೆ, ನಿಮ್ಮ ಅಂಕಿಗಳಲ್ಲೇ ಇದೆ. ಕಲ್ಲು ಕುಡಿದ ನೀರು 13 ಗ್ರಾಂ, ಅಂದರೆ ಸಂದುಗಳ ಜಾಗ 13 ಘನ ಸೆಂ.ಮೀ. ಒಟ್ಟು ಗಾತ್ರದಲ್ಲಿ ಸುಮಾರು ಶೇ. 10. ಅದನ್ನು 126ರಿಂದ ಕಳೆದರೆ ಉಸುಕಿನ ಕಣಗಳ ಗಾತ್ರ 113. 300ನ್ನು 113ರಿಂದ ಭಾಗಿಸಿದರೆ 2.65! ಬೆಣಚುಕಲ್ಲಿನ ಸಾಂದ್ರತೆ ಅದೇ, ಮರಳುಗಲ್ಲಿನ ಕಣಗಳು ಹೆಚ್ಚಾಗಿ ಬೆಣಚೇ. ಸಂಜೆಯ ಹೊತ್ತಿಗೆ ನಿಮ್ಮ ಅಂಕಿ 2.59ಕ್ಕೆ ಏರಿದ್ದು ಇದರ ಕಡೆಗೇ.

ಚಾರ್ಟಿನಲ್ಲಿ ಎರಡನ್ನೂ ಬರೆಸಿ: ಸಂದು ಸೇರಿಸಿ 2.38, ಸಂದು ಬಿಟ್ಟು 2.65. ಸುಣ್ಣಕಲ್ಲನ್ನೂ ನೆನೆಸಿಯೇ ಅಳೆಯಿರಿ, ಗಟ್ಟಿ ಸುಣ್ಣಕಲ್ಲಾದರೆ 2.7ರ ಆಸುಪಾಸು ಬರಬೇಕು. ಪ್ರದರ್ಶನದ ದಿನ ಒಂದೇ ಮರಳುಗಲ್ಲಿನ ಎರಡು ತುಂಡು ಇಟ್ಟುಕೊಳ್ಳಿ, ಒಂದು ಒಣಗಿದ್ದು, ಒಂದು ಹಿಂದಿನ ರಾತ್ರಿಯಿಂದ ನೆನೆದದ್ದು. ಒಣಗಿದ್ದನ್ನು ಮುಳುಗಿಸುವ ಕೆಲಸವನ್ನು ಪ್ರಶ್ನೆ ಕೇಳಿದ ಆ ಹುಡುಗಿಗೇ ಕೊಡಿ.