ಮಗಳ ಮುಂದಿನ ಹಲ್ಲಲ್ಲಿ ಕಂದು ಕಲೆ, ನಗುವುದನ್ನೇ ಬಿಟ್ಟಿದ್ದಾಳೆ. ನಿಮ್ಮ ಅನುಭವ ಹೇಳಿ

ಕೇಳಿದವರು: ಪಾವಗಡದ ಅಮ್ಮ

ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ 13 ವರ್ಷ. ಮುಂದಿನ ನಾಲ್ಕು ಹಲ್ಲಿನ ಮೇಲೆ ಕಂದು ಪಟ್ಟೆ ಇದೆ, ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ. ದಿನಕ್ಕೆ ಎರಡು ಸಲ ಬ್ರಷ್ ಮಾಡುತ್ತಾಳೆ, ಆದರೂ ಹೋಗಲ್ಲ. ಹೋದ ವರ್ಷದಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾಳೆ. ಶಾಲೆಯ ಗ್ರೂಪ್ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ಇವಳೊಬ್ಬಳು ತುಟಿ ಬಿಗಿ ಹಿಡಿದು ನಿಂತಿದ್ದಾಳೆ. ಆನ್‌ಲೈನ್‌ನಲ್ಲಿ ಇದ್ದಿಲಿನ ಪೇಸ್ಟ್ ತರಿಸಿ ಎರಡು ತಿಂಗಳು ಉಜ್ಜಿಸಿದೆ. ಕಲೆ ಇದ್ದ ಹಾಗೇ ಇದೆ, ಆದರೆ ಈಗ ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುತ್ತೆ ಅನ್ನುತ್ತಾಳೆ. ಅವಳ ತಮ್ಮನಿಗೆ 5 ವರ್ಷ. ಅವನಿಗೂ ಹೀಗೇ ಆಗುತ್ತಾ? ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಬಾಗೇಪಲ್ಲಿ ಕಡೆಯವಳು, ಈಗ ಬೆಂಗಳೂರು

ಅಕ್ಕ, ಮೊದಲು ಆ ಇದ್ದಿಲಿನ ಪೇಸ್ಟ್ ನಿಲ್ಲಿಸಿ. ಇವತ್ತೇ. ನಿಮ್ಮ ಮಗಳ ಹಲ್ಲು ಕೊಳಕಾಗಿಲ್ಲ. ನೀವು ಬರೆದದ್ದು ಓದಿದರೆ ನನ್ನ ಹಲ್ಲನ್ನೇ ನೋಡಿ ಬರೆದ ಹಾಗಿದೆ. ನನ್ನದು ಫ್ಲೋರೋಸಿಸ್, ಅಂದರೆ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್‌ನಿಂದ ಆಗಿದ್ದು. ನಿಮ್ಮ ಕಡೆಯೂ ಅದೇ ನೀರು ತಾನೆ. ಆದರೂ ಡಾಕ್ಟರ್ ಒಮ್ಮೆ ನೋಡಿ ಹೇಳಲಿ, ಹಲ್ಲಿನ ಕಲೆಗೆ ಬೇರೆ ಕಾರಣಗಳೂ ಇರುತ್ತವೆ.

ನಮ್ಮೂರಲ್ಲಿ ನನ್ನ ಓರಗೆಯ ಮಕ್ಕಳಿಗೆಲ್ಲ ಹೀಗೇ ಇತ್ತು. ಹಾಗಾಗಿ ಇದೊಂದು ಕಲೆ ಅಂತಾನೇ ನನಗೆ ಗೊತ್ತಿರಲಿಲ್ಲ. ಪಿಯುಸಿಗೆ ಬೆಂಗಳೂರಿನ ಹಾಸ್ಟೆಲ್ ಸೇರಿದ ಮೊದಲ ವಾರ ರೂಮಿನ ಹುಡುಗಿ ‘ನಿಮ್ಮೂರಲ್ಲಿ ಹಲ್ಲು ಉಜ್ಜಲ್ವಾ?’ ಅಂತ ಕೇಳಿದಳು. ಅವತ್ತಿನಿಂದ ನಾನು ಮಾಡದ್ದು ಯಾವುದೂ ಇಲ್ಲ. ಉಪ್ಪು, ನಿಂಬೆಹಣ್ಣು, ಅಡುಗೆ ಸೋಡಾ, ಊರಿಗೆ ಹೋದಾಗ ಒಲೆ ಬೂದಿ, ಎಲ್ಲದರಲ್ಲೂ ಉಜ್ಜಿದೆ. ನಿಂಬೆಹುಳಿ ಹಲ್ಲಿನ ಮೇಲ್ಪದರವನ್ನು ಮೆತ್ತಗೆ ಮಾಡುತ್ತೆ, ಅದರ ಮೇಲೆ ಉಪ್ಪು ಹಾಕಿ ತಿಕ್ಕಿದರೆ ಪದರವೇ ಸವೆಯುತ್ತೆ ಅಂತ ಆಮೇಲೆ ತಿಳಿಯಿತು. ಜುಂ ಅನ್ನುವುದು ಅದಕ್ಕೇ.

ಮೊದಲು ಹೋದ ಒಂದು ಕ್ಲಿನಿಕ್‌ನಲ್ಲಿ ಆರು ಹಲ್ಲಿಗೂ ಕ್ಯಾಪ್ ಹಾಕಿಸಿ ಅಂದರು. ಕ್ಯಾಪ್ ಹಾಕಬೇಕಾದರೆ ಸುತ್ತ ಹಲ್ಲನ್ನು ಅರೆದು ಚಿಕ್ಕದು ಮಾಡಬೇಕು, ಒಮ್ಮೆ ಅರೆದ ಮೇಲೆ ಜೀವನಪೂರ್ತಿ ಅಲ್ಲಿ ಕ್ಯಾಪ್ ಬೇಕೇ ಬೇಕು. ಇದನ್ನು ಅವರು ಹೇಳಲಿಲ್ಲ. ಅಪ್ಪನ ಹತ್ತಿರ ಅಷ್ಟು ದುಡ್ಡಿರಲಿಲ್ಲ, ಹಾಗಾಗಿ ನನ್ನ ಹಲ್ಲು ಉಳಿಯಿತು. ಆಮೇಲೆ ಯಾರೋ ಹೇಳಿ, ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿಗೆ ಹೋದೆ. ಅಲ್ಲಿನ ಮೇಡಂ ಒಬ್ಬರು ಕನ್ನಡಿ ಕೈಗೆ ಕೊಟ್ಟು ವಿವರಿಸಿದರು. ಹಲ್ಲು ಇನ್ನೂ ವಸಡಿನೊಳಗೆ, ಮೂಳೆಯಲ್ಲಿ ತಯಾರಾಗುತ್ತಿರುವಾಗಲೇ ಫ್ಲೋರೈಡ್ ಜಾಸ್ತಿಯಾದರೆ ಎನಾಮಲ್, ಅಂದರೆ ಹಲ್ಲಿನ ಮೇಲ್ಪದರ, ಗಟ್ಟಿಯಾಗಿ ಕೂರುವುದಿಲ್ಲ, ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ, ಹಲ್ಲು ಹೊರಗೆ ಬಂದ ಮೇಲೆ ಅವೇ ಬಣ್ಣ ಹೀರಿಕೊಂಡು ಕಂದಾಗುತ್ತವೆ. ‘ನೀನು ಎಷ್ಟು ಉಜ್ಜಿದರೂ ಹೋಗಲ್ಲ, ಇದು ನಿನ್ನ ತಪ್ಪಲ್ಲ ಕಣಮ್ಮ’ ಅಂದರು. ನಾನು ಕುರ್ಚಿಯಲ್ಲೇ ಅತ್ತುಬಿಟ್ಟೆ. ಅಲ್ಲಿಯವರೆಗೂ ನನ್ನದೇ ತಪ್ಪು ಅಂದುಕೊಂಡಿದ್ದೆ.

ನನಗೆ ಮೊದಲು ಮಾಡಿದ್ದು ಮೈಕ್ರೋಅಬ್ರೇಷನ್. ವಸಡಿಗೆ ತಾಗದಂತೆ ರಬ್ಬರ್ ಹಾಳೆ ಕಟ್ಟಿ, ಆಸಿಡ್ ಮತ್ತು ನುಣುಪು ಪುಡಿ ಸೇರಿದ ಪೇಸ್ಟನ್ನು ಹಚ್ಚಿ ಮೇಲಿನ ತೆಳು ಪದರವನ್ನಷ್ಟೇ ತೆಗೆಯುತ್ತಾರೆ. ನೋವಿಲ್ಲ. ಎರಡು ಸಲ ಹೋದೆ. ಕಂದು ಬಣ್ಣ ಬಹುಪಾಲು ಹೋಯಿತು, ಬಿಳಿ ಮಚ್ಚೆ ಉಳಿಯಿತು. 19 ವರ್ಷಕ್ಕೆ ಬ್ಲೀಚಿಂಗ್ ಮಾಡಿದರು. ಮೊದಲ ಕೆಲವು ದಿನ ಮಚ್ಚೆ ಇನ್ನೂ ಎದ್ದು ಕಂಡು ಗಾಬರಿಯಾಯಿತು, ನಂತರ ಸುತ್ತಲಿನ ಬಣ್ಣದ ಜೊತೆ ಹೊಂದಿಕೊಂಡಿತು. ಒಂದು ಹಲ್ಲಲ್ಲಿ ಚಿಕ್ಕ ಗುಳಿ ಇತ್ತು, ಅದಕ್ಕೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿದರು. ಅದು ಒಮ್ಮೆ ಚಕ್ಕೆ ಎದ್ದು ಮತ್ತೆ ಹಾಕಿಸಿದ್ದೇನೆ, ಅಷ್ಟೇ. ಯಾವ ಹಲ್ಲನ್ನೂ ಅರೆದಿಲ್ಲ.

ನಿಮ್ಮ ಮಗಳಿಗೆ ಇನ್ನೂ 13. ಈ ವಯಸ್ಸಲ್ಲಿ ಹಲ್ಲಿನೊಳಗಿನ ನರದ ಜಾಗ ದೊಡ್ಡದಿರುತ್ತೆ, ವಸಡೂ ಇನ್ನೂ ಪೂರ್ತಿ ತನ್ನ ಜಾಗಕ್ಕೆ ಬಂದಿರಲ್ಲ. ಕಲೆಗೆ ಅಂತ ಯಾರಾದರೂ ಈಗಲೇ ಕ್ಯಾಪ್ ಅಂದರೆ ಒಪ್ಪಬೇಡಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಹತ್ತಿರದ ಯಾವುದೇ ದಂತ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋಗಿ, ಖರ್ಚೂ ಕಡಿಮೆ, ಇಂಥ ಹಲ್ಲನ್ನು ಅವರು ಬಹಳ ನೋಡಿರುತ್ತಾರೆ. ಮೊದಲು ಜುಂ ಅನ್ನುವುದಕ್ಕೆ ಔಷಧಿ ಕೇಳಿ, ಕಲೆಯ ಮಾತು ಆಮೇಲೆ.

ಮುಂಡರಗಿ ಕಡೆಯ ಮೇಷ್ಟ್ರು

ಮೇಡಂ, ಮಗಳ ಹಲ್ಲಿನ ಬಗ್ಗೆ ಮೇಲಿನ ತಂಗಿ ಚೆನ್ನಾಗಿ ಹೇಳಿದ್ದಾರೆ. ನಾನು ನಿಮ್ಮ ಮಗನ ಬಗ್ಗೆ ಬರೆಯುತ್ತೇನೆ, ಯಾಕಂದರೆ ಅಲ್ಲಿ ಇನ್ನೂ ಸಮಯ ಇದೆ. ನಾನು 22 ವರ್ಷ ಫ್ಲೋರೈಡ್ ನೀರಿನ ಊರುಗಳಲ್ಲೇ ಪಾಠ ಮಾಡಿದ್ದೇನೆ. ಒಂದನೇ ತರಗತಿಯಲ್ಲಿ ಹಾಲುಹಲ್ಲು ಬೆಳ್ಳಗಿದ್ದ ಮಕ್ಕಳೇ ಮೂರನೇ ತರಗತಿಗೆ ಬರುವಷ್ಟರಲ್ಲಿ ಕಂದು ಹಲ್ಲು ತೋರಿಸುತ್ತಿದ್ದವು. ಹುಟ್ಟಿದಾಗಿನಿಂದ ಕುಡಿದ ನೀರು ಹೊಸ ಹಲ್ಲಿನಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಶಾಶ್ವತ ಹಲ್ಲಿನ ಎನಾಮಲ್ ಸುಮಾರು 8 ವರ್ಷದವರೆಗೂ ವಸಡಿನೊಳಗೆ ತಯಾರಾಗುತ್ತಿರುತ್ತೆ (ಬುದ್ಧಿ ಹಲ್ಲು ಬಿಟ್ಟು). 5 ವರ್ಷದ ಹುಡುಗನಿಗೆ ಮುಂದಿನ ಹಲ್ಲು ಬಹುಪಾಲು ತಯಾರಾಗಿರಬಹುದು, ಆದರೆ ಕೋರೆ ಹಲ್ಲು, ಅದರ ಹಿಂದಿನ ಕೆಲವು ಹಲ್ಲು ಇನ್ನೂ ಬೆಳೆಯುತ್ತಿವೆ. ಹಾಗಾಗಿ ಈಗ ನೀರು ಬದಲಾಯಿಸಿದರೂ ಪ್ರಯೋಜನ ಇದೆ. ಜಾಸ್ತಿ ವರ್ಷ ಅದೇ ನೀರು ಕುಡಿದರೆ ಮೂಳೆಗೂ ಇಳಿಯುತ್ತೆ, ಬೆನ್ನು ಬಗ್ಗಿಸಲಾಗದ ಹಿರಿಯರನ್ನು ನಾನು ನೋಡಿದ್ದೇನೆ. ಇದು ಬರೀ ಅಂದದ ಪ್ರಶ್ನೆ ಅಲ್ಲ.

ನಿಮ್ಮ ಮನೆಯ ನೀರನ್ನು ಪಂಚಾಯ್ತಿಯಲ್ಲಿ ಕೇಳಿ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5. ನಮ್ಮ ಕಡೆ ಬೋರ್ ಆಳಕ್ಕೆ ಹೋದಷ್ಟೂ, ಕಲ್ಲಿನ ಜೊತೆ ನೀರು ಜಾಸ್ತಿ ಕಾಲ ಇದ್ದಷ್ಟೂ ಇದು ಏರುತ್ತೆ. ಒಂದು ಮಾತು ನೆನಪಿಡಿ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತೆ. ಕ್ಯಾಂಡಲ್ ಫಿಲ್ಟರ್‌ನಿಂದಲೂ ಹೋಗುವುದಿಲ್ಲ. ಆರ್‌ಒ ತೆಗೆಯುತ್ತೆ, ಆದರೆ ಊರಿನ ಶುದ್ಧ ನೀರಿನ ಘಟಕದಲ್ಲಿ ಒಳಗಿನ ಮೆಂಬ್ರೇನ್ (ನೀರು ಸೋಸುವ ಪೊರೆ) ಬದಲಾಯಿಸದೆ ವರ್ಷಗಟ್ಟಲೆ ಓಡಿಸುತ್ತಿದ್ದರೆ ನಂಬಬೇಡಿ, ಆ ನೀರನ್ನೂ ಪರೀಕ್ಷಿಸಿ. ನಾನು ನನ್ನ ಮನೆಯ ಮಾಳಿಗೆಯ ಮಳೆನೀರು ಹಿಡಿದು ತೊಟ್ಟಿಯಲ್ಲಿ ಇಟ್ಟುಕೊಂಡೆ. ಮಳೆನೀರಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬೇಕು. ತೊಟ್ಟಿ ಮುಚ್ಚಿಟ್ಟು, ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು ಅಷ್ಟೇ.

ಎಲ್ಲರೂ ಮರೆಯುವುದು ಅಡುಗೆ ನೀರು. ಕುಡಿಯುವುದಕ್ಕೆ ಕ್ಯಾನ್ ನೀರು ತಂದು, ಅನ್ನ ಸಾರಿಗೆ ನಲ್ಲಿ ನೀರು ಹಾಕಿದರೆ ಅರ್ಧ ಕೆಲಸ ಮಾಡಿದ ಹಾಗೆ. ಮಕ್ಕಳಿಗೆ ಟೀ ಕೊಡಬೇಡಿ, ಟೀ ಎಲೆಯಲ್ಲೂ ಫ್ಲೋರೈಡ್ ಇದೆ. ಹಾಲು, ರಾಗಿ, ಸೊಪ್ಪು ಬಿಡಬೇಡಿ.

ದಾವಣಗೆರೆ, ಹಲ್ಲಿನ ಕ್ಲಿನಿಕ್‌ನಲ್ಲಿ ಕೆಲಸ

ಇಷ್ಟೆಲ್ಲ ಓದಿ ಫ್ಲೋರೈಡ್ ಪೇಸ್ಟ್ ಬಿಸಾಡಬೇಡಿ ಅಂತ ಹೇಳುವುದಕ್ಕೇ ಬರೆಯುತ್ತಿದ್ದೇನೆ. ನಮ್ಮ ಹತ್ತಿರ ಬರುವ ಎಷ್ಟೋ ಅಮ್ಮಂದಿರು ಹಾಗೇ ಮಾಡಿ ಒಂದು ವರ್ಷದಲ್ಲಿ ಮಗುವಿಗೆ ನಾಲ್ಕು ಹುಳುಕು ಹಲ್ಲು ತಂದುಕೊಂಡಿದ್ದಾರೆ. ನುಂಗಿದ ಫ್ಲೋರೈಡ್ ಬೆಳೆಯುತ್ತಿರುವ ಹಲ್ಲಿಗೆ ತೊಂದರೆ, ಹೊರಗೆ ಬಂದ ಹಲ್ಲಿನ ಮೇಲೆ ಹಚ್ಚಿದ ಫ್ಲೋರೈಡ್ ಹುಳುಕಿನಿಂದ ಕಾಪಾಡುತ್ತೆ. ಎರಡೂ ಬೇರೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಬ್ರಷ್ ಉದ್ದಕ್ಕೂ ಹಾಕುವುದು ಜಾಹೀರಾತಿನಲ್ಲಿ ಮಾತ್ರ. ಹಚ್ಚುವುದು ನೀವೇ ಹಚ್ಚಿ, ಪಕ್ಕದಲ್ಲಿ ನಿಂತು ಉಗುಳಿಸಿ. ನಿಮ್ಮ ನೀರಿನ ಪರೀಕ್ಷೆ ಚೀಟಿ ಬಂದರೆ ಡಾಕ್ಟರಿಗೆ ತೋರಿಸಿ, ಮಗನಿಗೆ ಯಾವ ಪೇಸ್ಟ್ ಅಂತ ಅವರೇ ಹೇಳುತ್ತಾರೆ.

ರಾತ್ರಿ ಬ್ರಷ್ ಬೆಳಗಿನದಕ್ಕಿಂತ ಮುಖ್ಯ. ಮೆತ್ತನೆ ಬ್ರಷ್, ಎರಡು ನಿಮಿಷ, ಒತ್ತದೆ. ಆಮೇಲೆ ಹಾಲು ಸಹ ಬೇಡ.

ನಿಮ್ಮ ಮಗನಿಗೆ ಇನ್ನೊಂದು ವರ್ಷದಲ್ಲಿ, ಯಾವ ಹಾಲುಹಲ್ಲೂ ಬೀಳದೆ ಹಿಂದುಗಡೆ ನಾಲ್ಕು ದವಡೆ ಹಲ್ಲು ಬರುತ್ತವೆ. ಹಾಲುಹಲ್ಲು ಅಂದುಕೊಂಡು ಜನ ಬಿಟ್ಟುಬಿಡುತ್ತಾರೆ, ಆದರೆ ಅವು ಕೊನೆವರೆಗೂ ಇರಬೇಕಾದ ಹಲ್ಲು. ಬಂದ ಕೂಡಲೇ ತೋರಿಸಿ, ಬೇಕಿದ್ದರೆ ಹುಳುಕು ಹಿಡಿಯದಂತೆ ಅದರ ಸಂದುಗಳನ್ನು ಮುಚ್ಚುವ ಸೀಲೆಂಟ್ ಹಾಕುತ್ತಾರೆ.

ಸಾಗರದಿಂದ

ನನ್ನದು ಬೇರೆ ಥರದ ಕಲೆ. ಎಲೆಅಡಿಕೆ, ಹದಿನೈದು ವರ್ಷ. ಕ್ಲೀನ್ ಮಾಡಿಸಿದರೆ ಹಲ್ಲು ಅಲುಗಾಡುತ್ತೆ ಅಂತ ಅತ್ತೆ ಹೆದರಿಸಿದ್ದರಿಂದ ಹೋಗಿರಲಿಲ್ಲ. ಹೋದೆ, ಒಂದೇ ದಿನದಲ್ಲಿ ಕಲೆ ಹೋಯಿತು, ಹಲ್ಲು ಗಟ್ಟಿಯಾಗೇ ಇದೆ. ಅಲುಗಾಡಿಸುವುದು ವಸಡಿನ ಸಂದಿಯಲ್ಲಿ ಕಟ್ಟಿದ ಗಟ್ಟಿ ಪಾಚಿ, ಕ್ಲೀನಿಂಗ್ ಅಲ್ಲ. ಮೇಲಿನ ಕಲೆ ತೊಳೆದರೆ ಹೋಗುತ್ತೆ, ಒಳಗಿನದು ಹೋಗಲ್ಲ, ಯಾವುದು ಅಂತ ಡಾಕ್ಟರ್ ನೋಡಿಯೇ ಹೇಳಬೇಕು. ಅಡಿಕೆ ಅಗಿಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಹೋಗುತ್ತಾ ನೋಡಿಕೊಳ್ಳಿ. ಹೋಗದಿದ್ದರೆ ಅಡಿಕೆಯಿಂದ ಬಾಯಿ ಬಿಗಿಯುತ್ತಿರಬಹುದು, ಡಾಕ್ಟರಿಗೆ ತೋರಿಸಲು ತಡ ಮಾಡಬೇಡಿ. ನನಗೆ ಎರಡೂವರೆಯೇ ಹೋಗುತ್ತಿತ್ತು, ಅವತ್ತೇ ಬಿಟ್ಟೆ.

ಪಾವಗಡದ ಅಮ್ಮ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇದ್ದಿಲಿನ ಪೇಸ್ಟ್ ಬಿಸಾಡಿದೆ. ನೀರಿನ ಬಾಟಲಿ ಪಂಚಾಯ್ತಿಗೆ ಕೊಟ್ಟಿದ್ದೇನೆ, ಘಟಕದ್ದು ಒಂದು, ನಲ್ಲಿದು ಒಂದು. ಇವತ್ತಿನಿಂದ ಅಡುಗೆಗೂ ಘಟಕದ ನೀರೇ. ತುಮಕೂರಿನ ದಂತ ಕಾಲೇಜಿಗೆ ಮುಂದಿನ ವಾರ ಹೋಗುತ್ತೇವೆ. ಮಗಳು ಪೂರ್ತಿ ಓದಿದಳು. ‘ಇದು ನಿನ್ನ ತಪ್ಪಲ್ಲ’ ಅನ್ನುವ ಸಾಲನ್ನು ಎರಡು ಸಲ ಓದಿದಳು. ಬಾಗೇಪಲ್ಲಿ ಅಕ್ಕನ ಹಲ್ಲಿನ ಫೋಟೋ ನೋಡಬಹುದಾ ಅಂತ ಕೇಳುತ್ತಿದ್ದಾಳೆ.

ಬಾಗೇಪಲ್ಲಿ ಕಡೆಯವಳು

ನಿಮಗೆ ಮೆಸೇಜ್‌ನಲ್ಲಿ ಎರಡು ಕಳಿಸಿದ್ದೇನೆ ಅಕ್ಕ. ಒಂದು ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್‌ದು, ತುಟಿ ಮುಚ್ಚಿದೆ. ಇನ್ನೊಂದು ಹೋದ ತಿಂಗಳು ತಂಗಿಯ ಸೀಮಂತದಲ್ಲಿ ತೆಗೆದದ್ದು. ಹತ್ತಿರ ಮಾಡಿ ನೋಡಿದರೆ ಎಡಗಡೆ ಹಲ್ಲಲ್ಲಿ ಬಿಳಿ ಮಚ್ಚೆ ಈಗಲೂ ಕಾಣುತ್ತೆ, ಅದನ್ನೂ ತೋರಿಸಿ ಅವಳಿಗೆ.