ಕ್ಲಬ್ ಹಾಲ್‌ನಲ್ಲಿ ಹಳೆಯ ಹಾಡುಗಳ ಸಂಜೆ: ಆರ್ಕೆಸ್ಟ್ರಾ, ಸೌಂಡ್, ಅನುಮತಿ ಬಗ್ಗೆ ಸಲಹೆ ಬೇಕು

ಕ್ಲಬ್_ಕಾರ್ಯದರ್ಶಿ (ಹಾಸನ)

ಮುಂದಿನ ತಿಂಗಳು ಒಂದು ಶನಿವಾರ ನಮ್ಮ ಕ್ಲಬ್‌ನಲ್ಲಿ 60ರಿಂದ 80ರ ದಶಕದವರೆಗಿನ ಕನ್ನಡ ಚಿತ್ರಗೀತೆಗಳ ಸಂಜೆ ಇಟ್ಟುಕೊಂಡಿದ್ದೇವೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಡಾ. ರಾಜ್, ಎಸ್‌ಪಿಬಿ, ವಾಣಿ ಜಯರಾಂ ಹಾಡುಗಳೇ ಬೇಕು ಅಂತ ಸದಸ್ಯರ ಒತ್ತಾಯ. ಬರೋರು ಹೆಚ್ಚೂಕಮ್ಮಿ 150 ಜನ, ಅರ್ಧಕ್ಕರ್ಧ ಹಿರಿಯರು. ಹಾಲ್ 60 ಅಡಿ ಉದ್ದ, 40 ಅಡಿ ಅಗಲ. ನೆಲಕ್ಕೆ ಟೈಲ್ಸ್, ಒಂದು ಪಕ್ಕ ಪೂರ್ತಿ ಗಾಜಿನ ಕಿಟಕಿ, ಆ ಕಡೆಗೇ ಮನೆಗಳಿವೆ. ಹೋದ ಸಲ ಬಂದ ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ (ಕೋಲಿನಿಂದ ಬಾರಿಸೋ ಎಲೆಕ್ಟ್ರಾನಿಕ್ ತಾಳವಾದ್ಯ) ಸದ್ದು ಬಿಟ್ಟರೆ ಸಾಹಿತ್ಯ ಯಾರಿಗೂ ಕೇಳಿಸಲಿಲ್ಲ.

ಎಷ್ಟು ಜನ ವಾದ್ಯದವರು ಬೇಕು? ಎಷ್ಟು ಹಾಡು ಹಿಡಿಸುತ್ತೆ? ಸೌಂಡ್ ಹೇಗೆ ಹಾಕಿಸಬೇಕು? ಪರ್ಮಿಶನ್ ಏನೇನು?

ಎರಡನೇ_ಚರಣ

ಮೊದಲು ಕೇಳಬೇಕಾದ್ದು "ಎಷ್ಟು ಜನ" ಅಂತಲ್ಲ ಸರ್, "ಎಷ್ಟು ಲೈವ್" ಅಂತ. ಈಗ ಬಹಳ ತಂಡಗಳು ಲ್ಯಾಪ್‌ಟಾಪ್‌ನಲ್ಲಿ ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ವಾದ್ಯಸಂಗೀತ) ಹಾಕಿ ಅದರ ಮೇಲೆ ಹಾಡ್ತಾರೆ. ತಪ್ಪೇನಿಲ್ಲ, ಆದರೆ ಟ್ರ್ಯಾಕ್‌ನಲ್ಲಿ ಸ್ಕೇಲ್ (ಹಾಡಿನ ಶ್ರುತಿ), ವೇಗ ಎರಡೂ ಕಟ್ಟಿಟ್ಟ ಹಾಗೆ. ಹಾಡುವವರು ಒಂದು ಕಡೆ ತಡವಾಗಿ ಎತ್ತಿಕೊಂಡರೆ ಟ್ರ್ಯಾಕ್ ಕಾಯೋದಿಲ್ಲ. ಕರಾರಿನಲ್ಲೇ ಬರೆಸಿ: ಯಾವ ವಾದ್ಯ ಲೈವ್, ಯಾರು ನುಡಿಸ್ತಾರೆ, ಸೌಂಡ್ ಯಾರದು.

ಈ ಕಾಲದ ಹಾಡುಗಳಿಗೆ ಕನಿಷ್ಠ ಅಂದರೆ ಒಂದು ಕೀಬೋರ್ಡ್, ಬೇಸ್ ಗಿಟಾರ್, ತಬಲಾ-ಢೋಲಕ್‌ಗೆ ಒಬ್ಬರು, ರಿದಮ್ ಪ್ಯಾಡ್‌ಗೆ ಒಬ್ಬರು, ಕೊಳಲು. ದುಡ್ಡು ಉಳಿದರೆ ಎರಡನೇ ಕೀಬೋರ್ಡ್ ಬೇಡ, ಒಂದು ಪಿಟೀಲು ತನ್ನಿ. ಕೀಬೋರ್ಡ್‌ನ ಸ್ಟ್ರಿಂಗ್ಸ್ ಮೇಲೆ ಒಂದೇ ಒಂದು ನಿಜವಾದ ಪಿಟೀಲು ಸೇರಿದರೂ ಬಿಟ್ಸ್‌ಗೆ (ಹಾಡಿನ ಸಾಲುಗಳ ನಡುವೆ ಬರೋ ವಾದ್ಯಭಾಗಕ್ಕೆ) ಜೀವ ಬರುತ್ತೆ. ಹಳೆಯ ಹಾಡು ಕೇಳೋಕೆ ಬರುವವರಿಗೆ ಪಲ್ಲವಿ, ಚರಣದಷ್ಟೇ ನಡುವಿನ ಬಿಟ್ಸ್ ಕೂಡ ಬಾಯಿಪಾಠ. ಗಾಯಕರು ಸ್ವಲ್ಪ ಆಚೀಚೆ ಆದರೆ ಕ್ಷಮಿಸ್ತಾರೆ, ಕೊಳಲಿನ ಒಂದು ಬಿಟ್ ಹಾರಿಸಿದರೆ ಕ್ಷಮಿಸೋದಿಲ್ಲ.

ಹಾಡಿನ ಲೆಕ್ಕ: 7ಕ್ಕೆ ಶುರು, 9.30ಕ್ಕೆ ಮುಗಿತಾಯ ಅಂದರೆ 150 ನಿಮಿಷ. ಬ್ರೇಕ್‌ಗೆ 15 ಕಳೆಯಿರಿ. ಹಾಡು ಐದು ನಿಮಿಷ, ನಿರೂಪಣೆ ಒಂದು ನಿಮಿಷ. 22 ಹಾಡು, ಅಷ್ಟೇ. 35 ಹಾಡಿನ ಪಟ್ಟಿ ಕೊಟ್ಟರೆ ಎರಡನೇ ಚರಣ ಕತ್ತರಿಸೋಕೆ ಶುರು ಮಾಡ್ತಾರೆ.

ಪಟ್ಟಿಯಲ್ಲಿ ಪ್ರತಿ ಹಾಡಿನ ಮುಂದೆ ಮೂರು ವಿಷಯ ಬರೆದಿರಲಿ: ಸ್ಕೇಲ್, ವೇಗ (ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ತಾಳದ ಪೆಟ್ಟು), ಮೊದಲ ಎತ್ತುಗಡೆ ಯಾರದು. ಸ್ಕೇಲ್ ಯಾಕೆ ಅಂದರೆ ತಬಲಾ. ಒಂದು ತಬಲಾವನ್ನು ಅರ್ಧ ಸ್ವರ, ಹೆಚ್ಚೆಂದರೆ ಒಂದು ಸ್ವರ ಏರಿಳಿಸಬಹುದು. ಸಿ-ಶಾರ್ಪ್ ಹಾಡಿನ ಹಿಂದೆಯೇ ಎಫ್ ಹಾಡು ಇಟ್ಟರೆ ಬೇರೆ ತಬಲಾನೇ ಬೇಕು. ಹತ್ತಿರದ ಸ್ಕೇಲ್‌ಗಳನ್ನು ಒಟ್ಟಿಗೆ ಇಡಿ. ಸ್ಕೇಲ್ ಬದಲಾಗುವ ಕಡೆ ಬರೀ ಪ್ಯಾಡ್‌ನಲ್ಲಿ ನಡೆಯುವ ಒಂದು ಹಾಡು ತೂರಿಸಿದರೆ, ಅಷ್ಟರಲ್ಲಿ ತಬಲಾದವರು ಸುತ್ತಿಗೆ ಹಿಡಿದು ಶ್ರುತಿ ಮಾಡಿಕೊಳ್ತಾರೆ. ಕೊಳಲಿಗೂ ಇದೇ ಕಥೆ, ಸ್ಕೇಲ್ ಬದಲಾದರೆ ಕೊಳಲೇ ಬದಲು. ಹಿಂದಿನ ದಿನವೇ ಸ್ಕೇಲ್ ತಿಳಿಸದೆ ವೇದಿಕೆ ಮೇಲೆ "ಅರ್ಧ ಇಳಿಸಿ" ಅಂದರೆ ಅವರ ಚೀಲದಲ್ಲಿ ಆ ಕೊಳಲು ಇಲ್ಲದೇ ಇರಬಹುದು.

ಯುಗಳಗೀತೆಗಳಲ್ಲಿ ಎಚ್ಚರ. ಜಾನಕಿ ಅವರ ಮೇಲಿನ ಸ್ವರ ಎಟುಕೋದಿಲ್ಲ ಅಂತ ಗಾಯಕಿ ಎರಡು ಮೆಟ್ಟಿಲು ಇಳಿಸಿಕೊಂಡರೆ, ಗಾಯಕನ ಕೆಳಗಿನ ಸ್ವರ ಬರೀ ಉಸಿರಾಗಿಬಿಡುತ್ತೆ. ಅವನ ಅತಿ ಕೆಳಗಿನ ಸಾಲು, ಅವಳ ಅತಿ ಮೇಲಿನ ಸಾಲು ಎರಡನ್ನೂ ಹಾಡಿಸಿ ನೋಡಿ ಸ್ಕೇಲ್ ನಿಗದಿ ಮಾಡಿ. ಎರಡೂ ಕೂಡದಿದ್ದರೆ ಹಾಡನ್ನೇ ಬಿಡಿ. ಇನ್ನೊಂದು, ಕೀಬೋರ್ಡ್‌ನ ಟ್ರಾನ್ಸ್‌ಪೋಸ್ (ಸ್ಕೇಲ್ ಏರಿಳಿಸೋ ಬಟನ್). ಒಂದು ಹಾಡಿಗೆ ಮೈನಸ್ ಎರಡು ಹಾಕಿದವರು ಮುಂದಿನ ಹಾಡಿಗೆ ಸೊನ್ನೆಗೆ ತರೋದು ಮರೀತಾರೆ. ಬೇಸ್ ಒಂದು ಕಡೆ, ಕೀಬೋರ್ಡ್ ಒಂದು ಕಡೆ.

ಮಿಕ್ಸರ್_ಮೂಲೆ

ಸೌಂಡ್ ವಿಷಯಕ್ಕೆ ಬರ್ತೀನಿ. ನಿಮ್ಮ ಹಾಲ್‌ಗೆ ಡಬ್ಬಗಟ್ಟಲೆ ಸ್ಪೀಕರ್ ಬೇಡ. ಸಾಹಿತ್ಯ ಕೇಳದೇ ಇರೋದಕ್ಕೆ ಸದ್ದು ಕಡಿಮೆಯಾಗಿದ್ದು ಕಾರಣ ಅಲ್ಲ. ಟೈಲ್ಸ್, ಗಾಜಿಗೆ ಬಡಿದು ವಾಪಸ್ ಬರೋ ಸದ್ದು ಅಕ್ಷರಗಳ ಮೇಲೆ ಬೀಳುತ್ತೆ. ಜೋರು ಮಾಡಿದಷ್ಟೂ ಅದೂ ಜೋರಾಗುತ್ತೆ.

ವೇದಿಕೆಯನ್ನು 40 ಅಡಿಯ ಗೋಡೆ ಕಡೆ ಹಾಕಿ, ಗಾಜಿನ ಎದುರು ಬೇಡ. ಗಾಜಿಗೆ ದಪ್ಪ ಪರದೆ, ಅದೂ ನಿರಿಗೆ ಬರೋ ಹಾಗೆ ಕಿಟಕಿಯ ಎರಡರಷ್ಟು ಅಗಲದ ಬಟ್ಟೆ. ಬಿಗಿಯಾಗಿ ಎಳೆದು ಕಟ್ಟಿದ ತೆಳು ಪರದೆ ಇದ್ದೂ ಒಂದೇ, ಇಲ್ಲದೆಯೂ ಒಂದೇ. ವೇದಿಕೆ ಮೇಲೆ ಜಮಖಾನ ಹಾಸಿ.

ಮುಂದೆ ಎರಡು 12 ಇಂಚಿನ ಆಕ್ಟಿವ್ (ಒಳಗೇ ಆಂಪ್ಲಿಫೈಯರ್ ಇರೋ) ಸ್ಪೀಕರ್ ಸಾಕು. ಸ್ಟ್ಯಾಂಡ್ ಎತ್ತರಿಸಿ, ಮೇಲಿನ ಹಾರ್ನ್ ಸುಮಾರು 7 ಅಡಿಯಲ್ಲಿರಲಿ, ಕೂತವರ ತಲೆ ಮೇಲಿಂದ ಹಿಂದಿನ ಸಾಲಿಗೆ ಹೋಗಬೇಕು. ಸ್ಪೀಕರ್ ಮೈಕ್‌ಗಿಂತ ಮುಂದಿರಬೇಕು, ಹಿಂದಲ್ಲ. 10 ಅಡಿಯಲ್ಲಿ ಕೂತವರಿಗೂ 50 ಅಡಿಯಲ್ಲಿ ಕೂತವರಿಗೂ ನೇರ ಸದ್ದಿನಲ್ಲಿ 14 ಡೆಸಿಬಲ್ ವ್ಯತ್ಯಾಸ ಬರುತ್ತೆ. ಅದಕ್ಕೇ ಹಿಂದಿನವರಿಗೆ ಅಂತ ಏರಿಸಿದರೆ ಮುಂದಿನವರು ಕಿವಿ ಮುಚ್ಚಿಕೊಳ್ಳೋದು. ಇನ್ನೊಂದು ಜೊತೆ ಚಿಕ್ಕ ಸ್ಪೀಕರ್‌ಗಳನ್ನು 30 ಅಡಿ ಹಿಂದೆ ಇಟ್ಟು ಡಿಲೇ ಕೊಡಿ, ಅಂದರೆ ಅವುಗಳ ಸದ್ದು ಸ್ವಲ್ಪ ತಡವಾಗಿ ಬರೋ ಹಾಗೆ ಮಾಡಿ. ಸದ್ದು ಒಂದು ಮಿಲಿಸೆಕೆಂಡ್‌ಗೆ ಸುಮಾರು 1.1 ಅಡಿ ಹೋಗುತ್ತೆ, 30 ಅಡಿಗೆ 27. ಅದರ ಮೇಲೆ 10 ಸೇರಿಸಿ 37 ಮಿಲಿಸೆಕೆಂಡ್ ಇಟ್ಟರೆ ಸದ್ದು ವೇದಿಕೆಯಿಂದಲೇ ಬಂದ ಹಾಗೆ ಕೇಳಿಸುತ್ತೆ.

ಹಾಡುವ ಮೈಕ್‌ಗಳಿಗೆಲ್ಲ 100 ಹರ್ಟ್ಸ್ ಕೆಳಗೆ ಕಟ್. ಮಾನಿಟರ್ (ಹಾಡುವವರಿಗೆ ತಮ್ಮ ದನಿ ಕೇಳಿಸೋ ಸ್ಪೀಕರ್) ಇಡೋ ಜಾಗ ಮೈಕ್ ನೋಡಿ: ಎಸ್‌ಎಂ58 ಥರದ ಕಾರ್ಡಿಯಾಯ್ಡ್ (ನೇರ ಹಿಂಬದಿಯ ಸದ್ದು ಅತಿ ಕಮ್ಮಿ ಹಿಡಿಯೋ ಮೈಕ್) ಆದರೆ ಮೈಕ್‌ನ ನೇರ ಹಿಂಬದಿಗೆ, ಬೀಟಾ 58 ಥರದ ಸೂಪರ್‌ಕಾರ್ಡಿಯಾಯ್ಡ್ (ಓರೆ ಹಿಂಬದಿಯ ಸದ್ದು ಅತಿ ಕಮ್ಮಿ ಹಿಡಿಯೋದು) ಆದರೆ ಹಿಂದಿನಿಂದ ಓರೆಯಾಗಿ. ಹಾಡದ ಮೈಕ್ ಮ್ಯೂಟ್ ಇರಲಿ, ತೆರೆದಿರೋ ಮೈಕ್ ದುಪ್ಪಟ್ಟಾದರೆ ಕುಯ್ಯ್ ಅನ್ನೋಕೆ ಮುಂಚೆ ನಿಮಗೆ ಸಿಗೋ ಜಾಗ 3 ಡೆಸಿಬಲ್ ಕಮ್ಮಿ. ಮೈಕ್‌ನ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿಯೋ ಗಾಯಕರಿದ್ದರೆ ಮೊದಲೇ ಹೇಳಿ. ಕೈ ಮುಚ್ಚಿದರೆ ಮೈಕ್ ಎಲ್ಲ ಕಡೆಯಿಂದಲೂ ಎಳೆಯೋಕೆ ಶುರು ಮಾಡುತ್ತೆ.

ಎಕೋ! ನಮ್ಮ ಆರ್ಕೆಸ್ಟ್ರಾದವರಿಗೆ ಅದಿಲ್ಲದೆ ಊಟ ಸೇರೋದಿಲ್ಲ. ನಿಮ್ಮ ಹಾಲ್‌ನಲ್ಲೇ ಬೇಕಾದಷ್ಟು ಎಕೋ ಇದೆ, ಮಿಷನ್‌ದು ಬಹುಪಾಲು ತೆಗೆಸಿ. ನಿರೂಪಕರ ಮೈಕ್‌ಗಂತೂ ಸೊನ್ನೆ.

ಪ್ಯಾಡ್ ಬಗ್ಗೆ. ಆಕ್ಟಾಪ್ಯಾಡ್‌ನಿಂದ ಒಂದೇ ಕೇಬಲ್ ತರೋದಾದರೆ ಎಡಗಡೆಯ ಮೋನೋ ಜಾಕ್‌ಗೇ ಹಾಕಬೇಕು. ಎರಡೂ ಜಾಕ್‌ಗೆ ಹಾಕಿ ಮಿಕ್ಸರ್‌ನಲ್ಲಿ ಒಂದನ್ನೇ ಚುಚ್ಚಿದರೆ, ಬಲ ಬದಿಗೆ ಹಾಕಿದ (ಪ್ಯಾನ್ ಆದ) ಬೋಂಗೋ, ಗೆಜ್ಜೆ ಮಾಯ. ಆಮೇಲೆ ನುಡಿಸೋರು ಜೋರಾಗಿ ಬಾರಿಸ್ತಾರೆ, ಹೋದ ಸಲ ಆಗಿದ್ದು ಇದೇ ಇರಬಹುದು. 70ರ ದಶಕದ ಹಾಡಿಗೆ ಈಗಿನ ಡ್ಯಾನ್ಸ್ ಹಾಡಿನ ಕಿಕ್ (ದಪ್ಪ ಡ್ರಮ್ ಸದ್ದು) ಹಾಕಿದ್ದರೆ ಪ್ಯಾಚ್ (ಪ್ಯಾಡ್‌ನಲ್ಲಿ ಆರಿಸಿದ ಸದ್ದು) ಬದಲಾಯಿಸಿ, ಫೇಡರ್ (ಮಿಕ್ಸರ್‌ನ ವಾಲ್ಯೂಮ್) ಇಳಿಸಿದರೆ ಪ್ರಯೋಜನವಿಲ್ಲ.

ಕರೆಂಟ್: ಲೈಟಿನ ಡಿಮ್ಮರ್ ಒಂದು ಫೇಸ್, ಸೌಂಡ್ ಇನ್ನೊಂದು ಫೇಸ್. ಹಮ್ (ಗುಂಯ್ ಅನ್ನೋ ಕರೆಂಟ್ ಸದ್ದು) ಬಂದರೆ ಡಿಐ ಬಾಕ್ಸ್‌ನ (ವಾದ್ಯವನ್ನು ಮಿಕ್ಸರ್‌ಗೆ ಜೋಡಿಸೋ ಡಬ್ಬಿ) ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಪ್ಲಗ್‌ನ ಅರ್ಥ್ ಪಿನ್ ಕೀಳೋಕೆ ಯಾರನ್ನೂ ಬಿಡಬೇಡಿ, ಮೈಕ್ ತುಟಿಗೆ ತಾಗಿದಾಗ ಶಾಕ್ ಹೊಡೆಯೋದು ಅಲ್ಲಿಂದಲೇ.

ಪದಾಧಿಕಾರಿ_ಮೈಸೂರು

ಅನುಮತಿ ವಿಷಯ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಪೊಲೀಸ್ ಠಾಣೆಯಲ್ಲಿ ವಿಚಾರಿಸಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ ಇದೆ, ಆದರೆ ಕಿಟಕಿ ತೆರೆದಿಟ್ಟು ಆ ಮಾತು ಹೇಳೋಕಾಗಲ್ಲ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಖಾಸಗಿ ಜಾಗದ ಗಡಿಯಲ್ಲಿ ಅದಕ್ಕಿಂತ 5 ಮಾತ್ರ ಹೆಚ್ಚಿರಬಹುದು. 9.30ಕ್ಕೆ ಮುಗಿಸೋದು ಒಳ್ಳೇದು.

ಹಕ್ಕಿನ ವಿಷಯ ಎಲ್ಲರೂ ಮರೆಯೋದು. ವೇದಿಕೆ ಮೇಲೆ ಹಾಡೋದಕ್ಕೆ ಸಾಹಿತ್ಯ, ಸಂಗೀತದ ಹಕ್ಕಿನ ಲೈಸೆನ್ಸ್ ಐಪಿಆರ್‌ಎಸ್ (ಗೀತರಚನಕಾರರು, ಸಂಗೀತ ಸಂಯೋಜಕರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಕಡೆಯಿಂದ. ಬ್ರೇಕ್‌ನಲ್ಲಿ ಮೂಲ ಧ್ವನಿಮುದ್ರಿಕೆ ಹಾಕಿದರೆ ಅದರ ಹಕ್ಕು ಬೇರೆ, ಪಿಪಿಎಲ್ ಥರದ ಸಂಸ್ಥೆಯ ಲೈಸೆನ್ಸ್ ಬೇಕಾಗಬಹುದು. "ಟಿಕೆಟ್ ಇಲ್ಲ, ಹಾಗಾಗಿ ಬೇಡ" ಅನ್ನೋರಿದ್ದಾರೆ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ವಿನಾಯಿತಿ ಇರೋದು ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿ ತಂಡ ಹಾಡಿದರೆ. ಸಂಭಾವನೆ ಕೊಟ್ಟು ಕರೆಸಿದ ಆರ್ಕೆಸ್ಟ್ರಾವನ್ನು ಹವ್ಯಾಸಿ ಅನ್ನೋದು ಕಷ್ಟ.

ಕ್ಲಬ್_ಕಾರ್ಯದರ್ಶಿ (ಹಾಸನ)

ಬಹಳ ಉಪಕಾರ ಆಯ್ತು. ಒಂದು ಬಾಕಿ: ಸದಸ್ಯರು ಚೀಟಿ ಕಳಿಸಿ ಹಾಡು ಕೇಳ್ತಾರೆ, ಕೆಲವರು ತಾವೇ ಹಾಡ್ತೀವಿ ಅಂತಾರೆ. ಬೇಡ ಅಂದರೆ ಬೇಜಾರು ಮಾಡ್ಕೋತಾರೆ.

ಎರಡನೇ_ಚರಣ

ಚೀಟಿ ಈಗಲೇ ತರಿಸಿಕೊಳ್ಳಿ ಸರ್, ವಾಟ್ಸಾಪ್ ಗುಂಪಿನಲ್ಲಿ, ಹತ್ತು ದಿನ ಮುಂಚೆ. ಹೆಚ್ಚು ಬಂದ ಆರು ಹಾಡು 22ರ ಒಳಗೇ ಸೇರಲಿ. ಹಾಡುವ ಸದಸ್ಯರು ಇಬ್ಬರು, ಒಬ್ಬರಿಗೆ ಒಂದು ಹಾಡು, ಬ್ರೇಕ್ ಆದ ತಕ್ಷಣ. ಕೊನೆಗೆ ಬೇಡ. ಅವರ ಸ್ಕೇಲ್ ಫೋನ್‌ನಲ್ಲೇ ಹಾಡಿಸಿ ಕೀಬೋರ್ಡ್‌ನವರಿಗೆ ಕಳಿಸಿ. ಸಂಜೆ 4ರ ಸೌಂಡ್ ಚೆಕ್‌ಗೆ ಬಂದವರಿಗೆ ಮಾತ್ರ ಮೈಕ್ ಅಂತ ಮೊದಲೇ ಹೇಳಿಬಿಡಿ, ಅರ್ಧ ಜನ ತಾವಾಗೇ ಹಿಂದೆ ಸರೀತಾರೆ.

ಮಿಕ್ಸರ್_ಮೂಲೆ

ಸೌಂಡ್ ಚೆಕ್ ಅಂದಿದ್ದಕ್ಕೆ ಒಂದು ಮಾತು: ಖಾಲಿ ಹಾಲ್ ಜನ ತುಂಬಿದ ಹಾಲ್‌ಗಿಂತ ಹೆಚ್ಚು ಗುಂಯ್‌ಗುಡುತ್ತೆ. 4 ಗಂಟೆಗೆ ಕೇಳಿಸಿದ್ದಕ್ಕೆ ಹೆದರಿ ಈಕ್ವಲೈಜರ್ ಎಲ್ಲ ಕೆಳಗೆ ಎಳೆಯಬೇಡಿ. ಮೊದಲ ಹಾಡು ಒಬ್ಬರೇ ಹಾಡುವಂಥದ್ದು, ವಾದ್ಯ ಕಮ್ಮಿ ಇರೋದು ಇಡಿ. ಅದು ನಡೀತಿರುವಾಗ ಸೌಂಡ್‌ನವರು ಹಿಂದಿನ ಸಾಲಿಗೆ ಒಂದು ಸುತ್ತು ನಡೆದು ಬರಲಿ.