ತಳದ ಚೀಲ

ಸಣ್ಣ ಕಾಕಾ (ಫಾರ್ವರ್ಡ್): ಪಾಕೀಟ ಹಾಲಿನಲ್ಲಿ ಕ್ಯಾನ್ಸರ್ ತರುವ ಬೂಸರಿನ ವಿಷ! ಮನೆಯ ಆಕಳ ಹಾಲನ್ನೇ ಮೂರು ಸಲ ಕುದಿಸಿ ಕುಡಿಯಿರಿ. ಎಲ್ಲರಿಗೂ ಕಳಿಸಿ.

ಸಣ್ಣ ಕಾಕಾ: ಹುಬ್ಬಳ್ಳಿಯವ್ರು ಓದ್ರಿ. ದಿನಾ ಮುಂಜಾನೆ ಬಸ್ಸಿಗೆ ಹಾಲು ಇಡ್ತೇನಿ, ಪಾಕೀಟ ಬಂದ್ ಮಾಡ್ರಿ.

ದೊಡ್ಡ ಅತ್ತಿ: ಖರೇ ಐತಿ. ಮನಿ ಹಾಲಿನ ರುಚಿನ ಬ್ಯಾರೆ.

ನಾನು: ಕಾಕಾ, ಇದರಾಗ ಅರ್ಧ ಖರೇ, ಅರ್ಧ ಸುಳ್ಳು. ವಿಷ ಖರೇ, ಅಫ್ಲಾಟಾಕ್ಸಿನ್ ಅಂತಾರ. ಹಸಿ ಇದ್ದಾಗ ಕಟ್ಟಿಟ್ಟ ಗೋವಿನಜೋಳ, ಶೇಂಗಾ ಹಿಂಡಿ, ಹತ್ತಿಕಾಳ ಹಿಂಡಿ, ಇವಕ್ಕ ಹತ್ತೋ ಬೂಸರು ಮಾಡೂದು ಅದು. ಆಕಳ ತಿಂದ ಒಂದ ದಿನದಾಗ ಅದರ ಒಂದು ಪಾಲು ಹಾಲಿಗೆ ಇಳೀತೈತಿ. ಕುದಿಸಿದ್ರ ಹೋಗೂದಿಲ್ಲ. ಖೋವಾ ಆಗೂತನ ಕುದಿಸಿದ್ರೂ ಹೋಗೂದಿಲ್ಲ.

ಸಣ್ಣ ಕಾಕಾ: ಸರ್ಕಾರದ ತಪಾಸಣಿಯೊಳಗ ಪಾಕೀಟಿನಾಗನ ಹೆಚ್ಚು ಸಿಕ್ಕೈತಿ. ಅದಕ್ಕೇನಂತಿ?

ನಾನು: ಹೌದ್ರಿ. 2018ರ ಸಮೀಕ್ಷೆಯೊಳಗ ಎಫ್‌ಎಸ್‌ಎಸ್‌ಎಐ ಅಂದ್ರ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದವ್ರು 6,432 ಹಾಲಿನ ಮಾದರಿ ನೋಡಿದ್ರು, 368ರಾಗ ಮಿತಿ ಮೀರಿತ್ತು. ಮಿತಿ ಅಂದ್ರ ಕೆಜಿ ಹಾಲಿಗೆ 0.5 ಮೈಕ್ರೋಗ್ರಾಂ, ಅಷ್ಟು ಸಣ್ಣದು. ಪಾಕೀಟಿನಾಗ ಹೆಚ್ಚಿದ್ದದ್ದೂ ಖರೇ. ಆದ್ರ ಆ ವಿಷ ಮಷಿನಿನಾಗ ಹುಟ್ಟಿದ್ದಲ್ಲ ಕಾಕಾ, ಯಾರದೋ ಗ್ವಾದಲಿಯಿಂದ ಹೋಗಿದ್ದು.

ಸಣ್ಣ ಕಾಕಾ: ನನ್ನ ಗೌರಿ ಹಾಲಿಗೆ ಹೆಸರಿಡಬ್ಯಾಡ.

ನಾನು: ಗೌರಿದೇನೂ ತಪ್ಪಿಲ್ರಿ. ದೀಪಾವಳಿಗೆ ಬಂದಾಗ ಅಟ್ಟದ ಮ್ಯಾಲಿನ ಗೋವಿನಜೋಳದಾಗ ತಳದ ಚೀಲ ಬಿಚ್ಚಿದ್ವಿ, ನೆನಪೈತಿಲ್ಲೋ? ಗೋಡಿಗೆ ಹತ್ತಿದ ಕಡೆ ಕಾಳು ಗಟ್ಟಿ ಆಗಿ ಹೆಂಟಿ ಕಟ್ಟಿದ್ವು. ಒಡದ್ರ ಹಸರ-ಹಳದಿ ಧೂಳು ಎದ್ದು ಚಿಗವ್ವಗ ಕೆಮ್ಮು ಬಂತು. ಅದನ್ನ ನುಚ್ಚು ಮಾಡಿ ಬೂಸಾದಾಗ ಕಲಸಿ ಇಟ್ರ ಗೌರಿ ಮೂಸಿ ನೋಡಿ ಮುಖ ತಿರುವಿದ್ಳು. ಬೆಲ್ಲದ ನೀರು ಹಾಕಿ ತಿನಿಸಿದಾಕಿ ನಾನ. ಆ ರಾತ್ರಿಯಿಂದ ಇದನ್ನ ಓದಾಕತ್ತೇನಿ, ಆಕಿ ಮುಖ ಕಣ್ಣಮುಂದ ಬರ್ತೈತಿ.

ಅಣ್ಣ: ಟಾಕ್ಸಿನ್ ಬೈಂಡರ್ ಅಂತ, ಹೊಟ್ಯಾಗ ವಿಷ ಹಿಡದಿಡೋ ಪುಡಿ ಸಿಗತೈತಿ, ಮೇವಿನಾಗ ಹಾಕಬಹುದು.

ನಾನು: ಹಾಕಬಹುದು ಅಣ್ಣಾ, ಕಡಿಮಿ ಮಾಡತೈತಿ. ಆದ್ರ ಅದನ್ನ ನಂಬಿ ಬೂಸರ ಹಿಡದ ಕಾಳ ಹಾಕೂದು ತಪ್ಪು.

ಸಣ್ಣ ಕಾಕಾ: ಮಳ್ಯಾಗ ತೋಯ್ದ ಮಾಲು ವ್ಯಾಪಾರಸ್ಥರು ಮುಟ್ಟಲಿಲ್ಲ. ಮನಿಯಾಗ ಉಳದಿದ್ದನ್ನ ತಿಪ್ಪಿಗೆ ಚೆಲ್ಲಂತಿಯೇನವಾ? ಬೆಳದ ಕೈ ನಂದು.

ನಾನು: ಗೊತ್ತೈತಿ ಕಾಕಾ, ಆ ವರ್ಷದ ಮಳಿ ನಾನೂ ನೋಡೇನಿ. ಆದ್ರ ವ್ಯಾಪಾರಸ್ಥರು ಮುಟ್ಟಲಿಲ್ಲ, ನಾವು ರೊಟ್ಟಿಗೆ ಹಾಕಲಿಲ್ಲ. ಮಾತು ಬರದಾಕಿಗೆ ಹಾಕಿದ್ವಿ. ಆಕಿಯಿಂದ ಅದು ತಿರುಗಿ ನಮ್ಮ ಕೂಸಿನ ಬಾಟ್ಲಿಗೆ ಬರ್ತೈತಿ, ಹಾಲಿನ ಮ್ಯಾಲೆನ ಇರೂದು ಅದರ ಹೊಟ್ಟಿ. ಬಿಸಲಿಗೆ ಹಾಕಿ ಝಾಡಿಸಿದ್ರ ಬೂಸರು ಹೋದಂಗ ಕಾಣತೈತಿ, ವಿಷ ಕಾಳಿನಾಗ ಉಳೀತೈತಿ. ಈ ಸಲ ಸುಗ್ಗಿಗೆ ಹಲ್ಲಾಗ ಕಡದು ನೋಡ್ರಿ, ಕಟ್ ಅಂದ ಮ್ಯಾಲೆನ ಚೀಲ ಕಟ್ರಿ. ನೂರಕ್ಕ 12ರಷ್ಟ ತೇವ ಇರಬೇಕಂತ. ಕೆಳಗ ಹಲಗಿ ಹಾಸಿ ಗೋಡಿಯಿಂದ ಒಂದ ಮೊಳ ದೂರ ಇಡ್ರಿ. ಒಣಗಿಸಾಕ ತಾಡಪತ್ರಿ ನಾ ಕಳಸ್ತೇನಿ.

(ಸಂಜಿಮುಂದ)

ಸಣ್ಣ ಕಾಕಾ: ಎರಡ ಚೀಲ ಹೊರಗ ತಂದೇನಿ. ಒಂದು ಒಳ್ಳೇದ ಐತಿ ಅಂತಾಳ ನಿಮ್ಮ ಚಿಗವ್ವ.

ನಾನು: ಗೋಡಿಗೆ ಹತ್ತಿದ್ದು ಯಾವುದ್ರಿ?

ಸಣ್ಣ ಕಾಕಾ: ಎರಡೂ.

ನಾನು: ಎರಡೂ ಹೂಳ್ರಿ ಕಾಕಾ, ಕೋಳಿಗೂ ಹಾಕಬ್ಯಾಡ್ರಿ. ಮೇವು ಬದಲಿಸಿದ್ರ ಮೂರು-ನಾಕ ದಿನಕ್ಕ ಹಾಲಿನಾಗಿನ ವಿಷ ಇಳದು ಹೋಗತೈತಿ. ಅಲ್ಲೀತನ ಡೇರಿಗೂ ಹಾಕಬ್ಯಾಡ್ರಿ. ಐದನೇ ದಿನ ಬಸ್ಸಿಗಿಡ್ರಿ, ನಾನ ಸ್ಟ್ಯಾಂಡಿಗೆ ಬಂದು ಒಯ್ತೇನಿ.